ತನಿ ಆವರ್ತನಕ್ಕೆ ಎದ್ದವರು

ಮುರಗೋಡದ ರಘೋತ್ತಮರಾಯರಿಗೆ ಸಂಗೀತ ತಿಳಿಯುವುದಿಲ್ಲ ಎಂಬ ಸಂಗತಿ ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಸ್ವತಃ ರಾಯರು, ಇನ್ನೊಬ್ಬರು ಅವರ ಹೆಂಡತಿ ಮಥುರಾಬಾಯಿ. ಉಳಿದ ಲೋಕ, ಅಂದರೆ ಇತ್ತ ಯರಗಟ್ಟಿಯಿಂದ ಅತ್ತ ಬೈಲಹೊಂಗಲದವರೆಗಿನ ಲೋಕ, ಅವರನ್ನು ಕಾನಸೇನ ರಾಯರು ಎಂದು ಕರೆಯುತ್ತಿತ್ತು. ಹಾಡುವವನು ತಾನಸೇನನಾದರೆ, ಕೇಳುವುದರಲ್ಲಿ ಅಷ್ಟೇ ಪಳಗಿದವನು ಕಾನಸೇನ ಎಂಬುದು ಹಿಂದುಸ್ತಾನಿ ಬೈಠಕ್ಕಿನ ಮಂದಿಯ ಮಾತು.

ಈ ಬಿರುದು ಅವರಿಗೆ ಸಿಕ್ಕದ್ದು ನಿದ್ದೆಯಲ್ಲಿ. ಇಪ್ಪತ್ತೆರಡನೆಯ ವಯಸ್ಸಿಗೆ ಧಾರವಾಡದಲ್ಲಿ ಓದುತ್ತಿದ್ದಾಗ ಗೆಳೆಯನೊಬ್ಬ ಅವರನ್ನು ಒಂದು ಬೈಠಕ್ಕಿಗೆ ಎಳೆದುಕೊಂಡು ಹೋದ. ಹೊಟ್ಟೆಯಲ್ಲಿ ನಾಲ್ಕು ಹೋಳಿಗೆ, ಕೂತದ್ದು ಮುಂದಿನ ಸಾಲು. ಉಸ್ತಾದರು ನಿಧಾನವಾಗಿ ರಾಗ ಬಿಡಿಸುತ್ತಿದ್ದಂತೆ ರಾಯರ ಕಣ್ಣು ಎಳೆಯಿತು, ಗೋಣು ದಪ್ಪನೆ ಎದೆಯ ಮೇಲೆ ಬಿತ್ತು. ಅದು ಬಿದ್ದದ್ದು ಸರಿಯಾಗಿ ಸಮದ ಮೇಲೆ. ತಾಳ ಒಂದು ಸುತ್ತು ಮುಗಿಸಿ ಮೊದಲಿನ ಪೆಟ್ಟಿಗೆ ಬಂದು ಸೇರುವ ಜಾಗಕ್ಕೆ ಸಮ ಅನ್ನುತ್ತಾರೆ. ಬಲ್ಲವರು ಅಲ್ಲಿಯೇ ತಲೆದೂಗುವುದು. ಉಸ್ತಾದರು ಹಾಡುತ್ತಲೇ ಕೈ ಎತ್ತಿ ಸಲಾಮು ಮಾಡಿದರು. ಸುತ್ತಲಿನವರು ಹೊರಳಿ ನೋಡಿದರು. ಎಚ್ಚರಾದ ರಾಯರು ನಾಚಿಕೆಯಿಂದ ಕೈ ಮುಗಿದರು. ಅದನ್ನು ವಿನಯ ಅಂದುಕೊಂಡರು.

ಆ ನಿದ್ದೆಯ ಮೇಲೆ ರಾಯರು ನಲವತ್ತು ವರ್ಷ ಮಾಳಿಗೆ ಕಟ್ಟಿದರು. ಸವದತ್ತಿಯ ಹತ್ತಿರ ಆಣೆಕಟ್ಟಿನ ಕಚೇರಿಯಲ್ಲಿ ಗುಮಾಸ್ತಿಕೆ, ರಜೆಯ ದಿನ ಧಾರವಾಡ, ಬೆಳಗಾವಿಯ ಬೈಠಕ್ಕುಗಳು. ಎಲ್ಲ ಕಡೆ ಒಂದೇ ಉಪಾಯ. ತಬಲಾದವನ ಮುಖ ನೋಡುತ್ತ ಕೂಡಬೇಕು. ಸಮ ಹತ್ತಿರ ಬಂದಂತೆ ಅವನ ಹುಬ್ಬು ಏರುತ್ತದೆ, ಗದ್ದ ಎದ್ದು ನಿಲ್ಲುತ್ತದೆ. ಗದ್ದ ಇಳಿದ ಗಳಿಗೆಗೆ ತಾವೂ ಗೋಣು ಇಳಿಸಿ 'ವ್ಹಾ!' ಅಂದರೆ ಆಯಿತು. ಹೊರಗೆ ಬಂದಾಗ ಯಾರಾದರೂ ಹೇಗಿತ್ತು ಎಂದು ಕೇಳಿದರೆ, 'ಆಲಾಪ ಇನ್ನೊಂದೀಟು ಬೇಕಾಗಿತ್ತು' ಎಂಬ ಉತ್ತರ ಜೇಬಿನಲ್ಲೇ ಇರುತ್ತಿತ್ತು. ಈ ಮಾತನ್ನು ತಪ್ಪು ಅಂದವರು ಈವರೆಗೆ ಯಾರೂ ಇಲ್ಲ.

ಸುಳ್ಳಿಗೆ ಹಾಕಿದ ಶಿಸ್ತಿನಲ್ಲಿ ಅರ್ಧ ಹಾಕಿದ್ದರೆ ಸಂಗೀತವನ್ನೇ ಕಲಿಯಬಹುದಿತ್ತಲ್ಲ ಎಂದು ರಾಯರಿಗೇ ಎಷ್ಟೋ ಸಲ ಅನಿಸಿದ್ದುಂಟು. ಆದರೆ ಕಲಿಯಬೇಕೆಂದರೆ ಮೊದಲು ಗೊತ್ತಿಲ್ಲವೆಂದು ಒಪ್ಪಬೇಕು. ಒಪ್ಪಿದರೆ ಹೆಸರು ಹೋಗುತ್ತದೆ. ಮೂವತ್ತಾರು ವರ್ಷ ಕಚೇರಿಗೆ ಬಂದ-ಹೋದ ಆವಕ-ಜಾವಕ ಪತ್ರಗಳಿಗೆ ನಂಬರು ಹಾಕಿ ನಿವೃತ್ತನಾದ ಗುಮಾಸ್ತನಿಗೆ ಊರಿನಲ್ಲಿ ಮತ್ತೇನಿರುತ್ತದೆ? ಕಾನಸೇನ ಎಂಬ ಹೆಸರನ್ನು ತೆಗೆದರೆ ಉಳಿಯುವುದು ಒಂದು ಧೋತರ, ಒಂದು ಕೊಡೆ. ಹೀಗಾಗಿ ರಾಯರು ಆ ಹೆಸರನ್ನು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು.

ಅಂಥವರ ಮನೆಗೆ ಒಂದು ದಿನ ಬೈಲಹೊಂಗಲದ ಮಾಂತೇಶ ಬಂದ. ಅವನದು ಕಾಳಿನ ದಲಾಲಿ ಅಂಗಡಿ. ಅವನ ಹೆಂಡತಿ ಅನ್ನಪೂರ್ಣಾ ಮೈಸೂರಿನಲ್ಲಿ ಭರತನಾಟ್ಯ ಕಲಿತು ಬಂದವಳು. ಊರಿನ ಐವತ್ತು ಹುಡುಗಿಯರಿಗೆ ಪಾಠ ಹೇಳುತ್ತಾಳೆ. ಹೋದ ವರ್ಷದಿಂದ ಗಂಡಹೆಂಡತಿ ಸೇರಿ ಮಾಗಿಯ ಚಳಿಯಲ್ಲಿ ಮೂರು ದಿನದ ಕರ್ನಾಟಕ ಸಂಗೀತ-ನೃತ್ಯೋತ್ಸವ ಮಾಡುತ್ತಿದ್ದರು.

"ರಾಯರ, ಈ ಸಲ ನೀವು ಒಲ್ಲೆ ಅನ್ನಂಗಿಲ್ಲ ನೋಡ್ರಿ," ಅಂದ ಮಾಂತೇಶ. "ಹ್ವಾದ ವರ್ಷ ಮಂದಿ ಬಂದ್ರು, ಕುಂತ್ರು, ಏನೂ ತಿಳೀದ ಎದ್ದು ಹ್ವಾದ್ರು. ತಿಳದಾವ್ರು ಒಬ್ಬರಾದ್ರೂ ಮುಂದ ಕುಂತಿರಬೇಕಲ್ರಿ. ಎರಡನೇ ದಿನದ ಕಛೇರಿ ಮುಗಿದ ಮ್ಯಾಲ ಕಲಾವಿದರಿಗೆ ಸತ್ಕಾರ ನಿಮ್ಮ ಕೈಲೇ ಆಗಬೇಕು. ಕಾರ್ಡಿನ್ಯಾಗ ಹೆಸರ ಹಾಕಿಸೇ ಬಿಟ್ಟೇನಿ."

"ಅದು ಕರ್ನಾಟಕಿ ಪದ್ಧತಿ ಮಾಂತೇಶ. ನಮ್ಮದು ಹಿಂದುಸ್ತಾನಿ," ಎಂದು ರಾಯರು ಮೆಲ್ಲಗೆ ಜಾರಲು ನೋಡಿದರು.

"ಏ, ಜ್ವಾಳದ ಯಾಪಾರ ಗೊತ್ತಿದ್ದಾಂವಗ ಗೋದಿ ತಿಳಿಯಂಗಿಲ್ಲೇನ್ರಿ?" ಎಂದು ನಕ್ಕು, ಕಾರ್ಡು ಕೈಗಿತ್ತು ಹೋದ. ಅದರಲ್ಲಿ ಬಂಗಾರದ ಬಣ್ಣದ ಅಕ್ಷರಗಳಲ್ಲಿ 'ಸಂಗೀತ ಮರ್ಮಜ್ಞ ಶ್ರೀ ರಘೋತ್ತಮರಾವ್, ಮುರಗೋಡ' ಎಂದಿತ್ತು. ರಾಯರು ಅದನ್ನು ಮೂರು ಸಲ ಓದಿದರು. ಖುಷಿಯೂ ಆಯಿತು, ಹೆದರಿಕೆಯೂ ಆಯಿತು.

"ಆರಾಮ ಇಲ್ಲ ಅಂತ ಹೇಳಿಬಿಡ್ರಿ," ಅಂದರು ಮಥುರಾಬಾಯಿ. "ಹಲ್ಲ ನೋವು ಅನ್ರಿ."

"ಹಲ್ಲಿಗೂ ಕಿವಿಗೂ ಏನ ಸಂಬಂಧನ?"

"ನಿಮ್ಮ ಕಿವಿಗೂ ಸಂಗೀತಕ್ಕೂ ಇದ್ದಷ್ಟ."

ಮೊದಲ ದಿನ ಸಂಜೆ ನೃತ್ಯ. ಬೈಲಹೊಂಗಲದ ಪೇಟೆಯ ಹಿಂದಿನ ಕಲ್ಯಾಣ ಮಂಟಪದಲ್ಲಿ, ಅಕ್ಷತೆಯ ಅಕ್ಕಿ ಇನ್ನೂ ಮೂಲೆಯಲ್ಲಿ ಬಿದ್ದಿದ್ದ ವೇದಿಕೆಯ ಮೇಲೆ ಮೊದಲು ಅನ್ನಪೂರ್ಣಾಳ ಹುಡುಗಿಯರು ಕುಣಿದರು, ಆಮೇಲೆ ಮೈಸೂರಿನಿಂದ ಬಂದ ನರ್ತಕಿ. ಆಕೆಯ ಜೊತೆ ಒಂದು ಬಸ್ಸು ತುಂಬ ಮೈಸೂರಿನ ರಸಿಕರೂ ಬಂದಿದ್ದರು. ರಾಯರಿಗೆ ಮುಂದಿನ ಸಾಲಿನ ನಡುವೆ, ಟರ್ಕಿ ಟವೆಲ್ಲು ಹಾಸಿದ ಕುರ್ಚಿ. ಕೂತ ಕೂಡಲೆ ಅವರ ಕಣ್ಣು ತಾಳದವನನ್ನು ಹುಡುಕಿತು. ಇಲ್ಲಿ ತಬಲಾ ಇಲ್ಲ, ಮೃದಂಗ. ಅದರ ಹಿಂದೆ ಅರವತ್ತರ ಆಚೀಚಿನ ಒಬ್ಬ ಸಣಕಲ ಮನುಷ್ಯ. ರಾಯರು ಅವನ ಮುಖಕ್ಕೆ ದೃಷ್ಟಿ ನೆಟ್ಟರು. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ಹುಬ್ಬು ಏರಲಿಲ್ಲ, ಗದ್ದ ಇಳಿಯಲಿಲ್ಲ. ಮುರಗೋಡ ಕ್ರಾಸಿನಲ್ಲಿ ಬಸ್ಸಿಗೆ ಕಾಯುವವನ ಮುಖ. ಕೈ ಮಾತ್ರ ಬೇರೆ ಯಾರದೋ ಎಂಬಂತೆ ತನ್ನ ಪಾಡಿಗೆ ದುಡಿಯುತ್ತಿತ್ತು.

ಪಕ್ಕದಲ್ಲಿ ಕೂತ ಮೈಸೂರಿನ ಹಿರಿಯರು ತೊಡೆಯ ಮೇಲೆ ಕೈ ತಟ್ಟುತ್ತ, ಬೆರಳು ಎಣಿಸುತ್ತ, ಅಂಗೈ ಮಗುಚುತ್ತ ಕೂತಿದ್ದರು. ರಾಯರು ಓರೆಗಣ್ಣಿನಿಂದ ನೋಡುತ್ತ ತಾವೂ ತಟ್ಟತೊಡಗಿದರು. ಅವರದು ಅಂಗೈ ಮಗುಚಿದಾಗ ಇವರದು ಕಿರುಬೆರಳು. ಪಕ್ಕದವನ ಪಾಟಿ ನೋಡಿ ಲೆಕ್ಕ ಬಿಡಿಸುವ ದಡ್ಡ ಹುಡುಗನ ಅವಸ್ಥೆ. ನಡುವೆ ನರ್ತಕಿ, ಕಳೆದುಹೋದ ಮಗುವನ್ನು ಹುಡುಕುವ ತಾಯಿಯಾಗಿ, ಅಂಗಳದಲ್ಲೆಲ್ಲ ಅಡ್ಡಾಡಿ ಬಂದು ತಟ್ಟನೆ ನಿಂತಳು. ಕಣ್ಣು ಬರಿದು. ಹಾಡು ನಿಂತಿತು, ಮೃದಂಗ ನಿಂತಿತು. ಇಡೀ ಮಂಟಪ ಉಸಿರು ಹಿಡಿಯಿತು. ಮೃದಂಗ ನಿಂತದ್ದನ್ನೇ ಸಮ ಎಂದು ತಿಳಿದ ರಾಯರು ಗೋಣು ಇಳಿಸಿ "ವ್ಹಾ! ಕ್ಯಾ ಬಾತ್ ಹೈ!" ಎಂದು ದೊಡ್ಡ ದನಿಯಲ್ಲಿ ಅಂದುಬಿಟ್ಟರು.

ಮಗು ಕಳೆದುಹೋದದ್ದಕ್ಕೆ ಶಹಬ್ಬಾಸ್ ಹೇಳಿದಂತಾಯಿತು. ಮೈಸೂರಿನ ಹಿರಿಯರು ತಾಳ ಬಿಟ್ಟು ನೋಡಿದರು. ಹಿಂದಿನ ಸಾಲಿನಿಂದ ನಿಜಗುಣಪ್ಪ ಮಾಸ್ತರರು ಮುಂದೆ ಬಗ್ಗಿದರು. ಅವರೂ ಮುರಗೋಡದವರೇ, ಯಾವುದನ್ನೂ ಕೇಳದೆ ನಂಬಿದವರಲ್ಲ.

"ಕಾನಸೇನರ, ಏನೂ ಇಲ್ಲದಲ್ಲಿ ಏನ ಕಂಡ್ರಿ?"

"ಏನೂ ಇಲ್ಲದ್ದನ್ನ ಕಂಡೆ," ಅಂದರು ರಾಯರು.

ಮಾಸ್ತರರು ಕಿಸೆಯಿಂದ ಸಣ್ಣ ವಹಿ ತೆಗೆದು ಅದನ್ನು ಬರೆದುಕೊಂಡರು. ರಾಯರು ಕಣ್ಣು ಮುಚ್ಚಿದರು. ತಮ್ಮ ಜಾಣತನದ ಮೇಲೆ ತಮಗೇ ಹೇಸಿಗೆ ಬಂತು. ಬಂದರೂ, ಆ ಉತ್ತರ ಚೆನ್ನಾಗಿತ್ತು ಅನಿಸದೆ ಇರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಹಾಡುಗಾರಿಕೆ. ಮೈಸೂರಿನ ಹಿರಿಯ ಗಾಯಕಿ, ಪಿಟೀಲಿಗೆ ಒಬ್ಬರು, ಮೃದಂಗಕ್ಕೆ ನಿನ್ನೆಯ ಅದೇ ಸಣಕಲ ಮನುಷ್ಯ. ಹಿಂದಿನ ಬ್ಯಾನರಿನಲ್ಲಿ ಗಾಯಕಿಯ ಹೆಸರು ಮೊಳ ಉದ್ದದ ಅಕ್ಷರಗಳಲ್ಲಿತ್ತು. ತೀರ ಕೆಳಗೆ, ಹೂವಿನ ಕುಂಡದ ಮರೆಗೆ, 'ಮೃದಂಗ: ಮಧು' ಎಂದಷ್ಟೇ ಇತ್ತು.

ಅನ್ನಪೂರ್ಣಾ ಬಂದು ರಾಯರಿಗೆ ಹೇಳಿದಳು: "ಕಾಕಾರ, ಕಛೇರಿ ಮುಗಿದ ಕೂಡ್ಲೆ ನೀವ ಮ್ಯಾಲ ಬಂದುಬಿಡ್ರಿ. ಗಾಯಕರಿಗೆ ಶಾಲು, ಹಾರ ಹಾಕ್ರಿ. ಉಳದಾವ್ರಿಗೆ ನಾವು ಹೂ ಕೊಡತೇವಿ. ತಾಟು ಕಾಡಪ್ಪನ ಕೈಯಾಗ ಇರತೈತಿ."

ಮಂಟಪದ ಉಸ್ತುವಾರಿಯ ಕಾಡಪ್ಪ ತಾಟು ಹಿಡಿದು ಗೋಡೆಗೆ ಆತು ನಿಂತಿದ್ದ. ಮುಗಿದದ್ದು ಹೇಗೆ ತಿಳಿಯುತ್ತದವ್ವ ಎಂಬ ಪ್ರಶ್ನೆ ರಾಯರ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದನ್ನು ಕೇಳುವ ಕಾನಸೇನ ಎಲ್ಲಾದರೂ ಉಂಟೆ? ಹಿಂದುಸ್ತಾನಿಯಲ್ಲಿ ಕೊನೆಗೆ ಭೈರವಿ ಹಾಡುತ್ತಾರೆ, ಹಾಡುವ ಮುಂಚೆ 'ಈಗ ಭೈರವಿ' ಎಂದು ಹೇಳಿಯೂ ಬಿಡುತ್ತಾರೆ, ರಾಯರಂಥವರ ಪುಣ್ಯ. ಇಲ್ಲಿ ಯಾರೂ ಏನೂ ಹೇಳುವುದಿಲ್ಲ. ಕೊನೆಗೆ ಅವರು ಒಂದು ನಿರ್ಧಾರಕ್ಕೆ ಬಂದರು: ತಿಳಿದ ಮಂದಿ ಯಾವಾಗ ಏಳುತ್ತಾರೋ ಆಗ ಮುಗಿಯಿತು. ಮೈಸೂರಿನವರ ಮೇಲೆ ಕಣ್ಣಿಟ್ಟರೆ ಸಾಕು.

ಇಲ್ಲಿ ಒಂದು ಮಾತು ಹೇಳಬೇಕು. ಕರ್ನಾಟಕ ಸಂಗೀತದ ಕಛೇರಿಯಲ್ಲಿ, ಮುಖ್ಯವಾದ ಕೃತಿಯ ಕೊನೆಗೆ ಹಾಡು ನಿಲ್ಲುತ್ತದೆ, ಪಿಟೀಲು ನಿಲ್ಲುತ್ತದೆ, ಮೃದಂಗದವನೊಬ್ಬನೇ ಕಾಲು ಗಂಟೆ ನುಡಿಸುತ್ತಾನೆ. ಇದಕ್ಕೆ ತನಿ ಆವರ್ತನ ಅನ್ನುತ್ತಾರೆ. ಇಡೀ ಕಛೇರಿಯಲ್ಲಿ ಅವನದೇ ಆದ ಹೊತ್ತು ಅದೊಂದೇ. ಆ ಹೊತ್ತಿಗೇ ಸಭಿಕರು ಎದ್ದು ಕಾಫಿ ಕುಡಿಯಲು ಹೋಗುವುದು ವಾಡಿಕೆ. ತಪ್ಪೆಂದು ಎಲ್ಲರಿಗೂ ಗೊತ್ತು, ಹೋಗುವುದನ್ನು ಯಾರೂ ಬಿಟ್ಟಿಲ್ಲ. ರಾಯರಿಗೆ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ.

ಹನ್ನೊಂದೂವರೆಗೆ ಗಾಯಕಿ ಹಾಡು ನಿಲ್ಲಿಸಿದರು. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಂಡರು. ಪಿಟೀಲಿನವರು ಪಿಟೀಲು ಇಳಿಸಿ ಮಡಿಲಲ್ಲಿಟ್ಟರು. ಅಷ್ಟರಲ್ಲಿ ರಾಯರ ಪಕ್ಕದ ಹಿರಿಯರು ತಾಳ ನಿಲ್ಲಿಸಿ ಎದ್ದರು. ಅವರ ಹಿಂದೆ ಮೈಸೂರಿನ ಬಸ್ಸಿಗೆ ಬಸ್ಸೇ ಎದ್ದಿತು. ತಿಳಿದವರೇ ಎದ್ದಮೇಲೆ ನಮ್ಮದೇನು ಎಂದು ಬೈಲಹೊಂಗಲದವರೂ ಎದ್ದರು. ಕುರ್ಚಿಗಳ ಸಪ್ಪಳ, ಬಾಗಿಲಿನಿಂದ ಕಾಫಿಯ ವಾಸನೆ, ಅದರ ಬೆನ್ನಿಗೇ ಮಿರ್ಚಿಭಜಿಯ ವಾಸನೆ. ರಾಯರು ಕಾಡಪ್ಪನಿಗೆ ಕಣ್ಸನ್ನೆ ಮಾಡಿ ಧೋತರ ಸರಿಪಡಿಸಿಕೊಂಡರು.

ಇನ್ನೊಂದು ಮಗ್ಗುಲಿಗೆ ಕೂತಿದ್ದ ಮಥುರಾಬಾಯಿ ಶಲ್ಯದ ಚುಂಗು ಹಿಡಿದೆಳೆದರು. "ಎಲ್ಲಿಗೆ ಹೊಂಟ್ರಿ? ಅವ ಇನ್ನೂ ಬಾರಿಸ್ಲಿಕ್ಕೆ ಹತ್ಯಾನ."

"ಲಗ್ನದಾಗ ಅಕ್ಷತಿ ಬಿದ್ದ ಮ್ಯಾಲೂ ಬ್ಯಾಂಡಿನವರು ಬಾರಸ್ತಿರ್ತಾರಲ್ಲ, ಹಂಗ ಇದು," ಅಂದು ರಾಯರು ಕೊಸರಿಕೊಂಡರು.

ನುರಿತ ಸತ್ಕಾರಕರ ನಡಿಗೆಯಲ್ಲಿ ಮೆಟ್ಟಿಲು ಹತ್ತಿ, ತಾಟಿನಿಂದ ಶಾಲು ತೆಗೆದುಕೊಂಡು, ಎರಡೂ ಕೈಯಲ್ಲಿ ಬಿಡಿಸಿ ಹಿಡಿದು ಗಾಯಕಿಯ ಕಡೆಗೆ ಎರಡು ಹೆಜ್ಜೆ ಇಟ್ಟರು. ಆಗ ಕಂಡದ್ದು: ಗಾಯಕಿಯ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಅವರು ತಲೆಯೆತ್ತಿ, ಅಡುಗೆಮನೆಗೆ ನುಗ್ಗಿದ ಎಮ್ಮೆಯನ್ನು ನೋಡುವಂತೆ ನೋಡಿದರು. ತಾಳ ಬಿಡಲಿಲ್ಲ. ಇನ್ನೊಂದು ಕೈಯಿಂದ 'ಬೇಡ' ಎಂದರು.

ಮುಗಿದಿರಲಿಲ್ಲ.

ಬಾಗಿಲ ಹತ್ತಿರದ ಮಂದಿ ತಿರುಗಿ ನಿಂತಿದ್ದರು. ನಿಜಗುಣಪ್ಪ ಮಾಸ್ತರರ ಕೈ ವಹಿಯ ಕಿಸೆಗೆ ಹೋಗಿತ್ತು. ಹಿಂದೆ ಸರಿದರೆ ನಲವತ್ತು ವರ್ಷದ ಹೆಸರು ಈ ಮಂಟಪದಲ್ಲೇ ಮಣ್ಣುಪಾಲು. ಶಾಲು ಬಿಡಿಸಿ ಹಿಡಿದು ಎಷ್ಟು ಹೊತ್ತು ನಿಲ್ಲುವುದು? ಅಷ್ಟು ವರ್ಷ ಪಳಗಿದ ಠಕ್ಕತನ ರಾಯರನ್ನು ಕೈಬಿಡಲಿಲ್ಲ. ಅವರು ಹೊರಳಿದರು. ವೇದಿಕೆಯ ಮೇಲೆ ದುಡಿಯುತ್ತಿದ್ದವನು ಒಬ್ಬನೇ, ಆ ಸಣಕಲ ಮನುಷ್ಯ. ನೇರ ಅವನ ಹತ್ತಿರ ಹೋಗಿ ಹೆಗಲ ಮೇಲೆ ಶಾಲು ಹೊದಿಸಿದರು, ಹಾರ ಹಾಕಿದರು, ಗಂಭೀರವಾಗಿ ಕೈಮುಗಿದು ಇಳಿದು ಬಂದರು.

ಮೃದಂಗದವನ ಕೈ ನಿಲ್ಲಲಿಲ್ಲ. ಆದರೆ ಎರಡು ದಿನದಿಂದ ಅಲ್ಲಾಡದ ಆ ಮುಖ ಅಲ್ಲಾಡಿತು. ಕಣ್ಣಿನಿಂದ ನೀರು ಇಳಿದು ಹಾರದ ಮೇಲೆ ಬಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಬಾಗಿಲಲ್ಲಿದ್ದ ಮೈಸೂರಿನ ಹಿರಿಯರು ತಲೆ ತಗ್ಗಿಸಿ ಮರಳಿ ಬಂದು ಕುರ್ಚಿಯಲ್ಲಿ ಕೂತರು. ಅವರ ಹಿಂದೆ ಒಬ್ಬೊಬ್ಬರೇ ಬಂದರು. ಏನೋ ದೊಡ್ಡದು ನಡೆಯುತ್ತಿದೆ, ನಮಗೆ ತಿಳಿಯದೆ ಹೋಯಿತು ಎಂದು ಭಜಿ ಕೈಯಲ್ಲಿದ್ದವರೂ ಬಂದು ಕೂತರು. ಮೃದಂಗದವನು ಅರ್ಧ ಗಂಟೆ ನುಡಿಸಿದ. ಮುಗಿದಾಗ ಎದ್ದ ಚಪ್ಪಾಳೆಗೆ ಮಂಟಪದ ತಗಡು ಗುಡುಗಿತು. ಆಗ ಅವನು ಶಾಲಿನ ಅಂಚಿನಿಂದ ಮುಖ ಒರೆಸಿಕೊಂಡ.

ಕೊನೆಗೆ ಕಛೇರಿ ನಿಜವಾಗಿಯೂ ಮುಗಿದಾಗ ಅನ್ನಪೂರ್ಣಾ ತನ್ನ ಮನೆಯಿಂದ ತರಿಸಿದ ಇನ್ನೊಂದು ಶಾಲು ಗಾಯಕಿಗೆ ಹೊದಿಸಿದಳು. ಮಾಂತೇಶ ಮೈಕು ಹಿಡಿದ. "ನಮ್ಮ ಮುರಗೋಡದ ಕಾನಸೇನರು ಇವತ್ತ ನಮಗೆಲ್ಲಾ ಪಾಠ ಕಲಿಸ್ಯಾರ್ರಿ. ಮಂದಿ ಎದ್ದು ಹೊರಗ ನಡದಾಗ ಇವರು ಎದ್ದು ಮ್ಯಾಲ ಬಂದ್ರು. ರಸಿಕರು ಅಂದ್ರ ಹಿಂಗಿರಬೇಕು!" ಮತ್ತೆ ಚಪ್ಪಾಳೆ. ರಾಯರು ಎದ್ದು ನಿಂತು ಕೈಮುಗಿದರು. ಕೂತಾಗ ಮಥುರಾಬಾಯಿ ಅವರ ಕಡೆ ನೋಡಲಿಲ್ಲ. ಸೆರಗಿನ ಅಂಚಿಗೆ ಗಂಟು ಹಾಕುತ್ತ, ಬಿಚ್ಚುತ್ತ ಇದ್ದರು.

"ನಗಬ್ಯಾಡ," ಅಂದರು ರಾಯರು.

"ನಾ ಎಲ್ಲಿ ನಗ್ಲಿಕ್ಕೆ ಹತ್ತೇನಿ? ಆ ಮನಶ್ಯಾ ಅತ್ತನಲ್ರೀ. ಅವಗ ಖರೇ ಅನಿಸೇದ."

ಈ ಮಾತು ರಾಯರಿಗೆ ನಾಟಿತು. ಇಷ್ಟು ವರ್ಷ ಅವರ ಸುಳ್ಳಿನಿಂದ ಯಾರಿಗೂ ಲಾಭವಿರಲಿಲ್ಲ, ನಷ್ಟವೂ ಇರಲಿಲ್ಲ. ಉಸ್ತಾದರಿಗೆ ಸಾವಿರ 'ವ್ಹಾ'ಗಳಲ್ಲಿ ಒಂದು ಹೆಚ್ಚಾಗುತ್ತಿತ್ತು, ಅಷ್ಟೆ. ಈ ಸಲ ಮಾತ್ರ, ತಮ್ಮ ಮುಖ ಉಳಿಸಿಕೊಳ್ಳಲು ಎಸೆದ ಶಾಲಿನಲ್ಲಿ ಒಬ್ಬ ಮನುಷ್ಯ ತನ್ನ ಮುಖ ಒರೆಸಿಕೊಂಡಿದ್ದ.

ಊಟದ ಮನೆಯಲ್ಲಿ ಮೃದಂಗದ ಮಧು ರಾಯರನ್ನು ಹುಡುಕಿಕೊಂಡು ಬಂದರು. ಹೆಗಲ ಮೇಲೆ ಶಾಲು ಹಾಗೇ ಇತ್ತು. ಪಕ್ಕದ ಎಲೆಗೆ ಕೂತರು. ಬದನೆಕಾಯಿ ಎಣ್ಣೆಗಾಯಿ ಬಂತು, ರೊಟ್ಟಿ ಬಂತು.

"ನಲವತ್ತೊಂದು ವರ್ಷದಿಂದ ನುಡಿಸ್ತಿದೀನಿ ಸಾರ್," ಅಂದರು ಮಧು. "ನನ್ನ ತನಿ ಶುರುವಾದ್ರೆ ನನಗೆ ಕಾಣೋದು ಬರೀ ಬೆನ್ನುಗಳು. ಯಾರ ಜುಬ್ಬಾ ಹಿಂದೆ ಹರಿದಿದೆ ಅಂತ ಬೇಕಾದ್ರೆ ಹೇಳ್ತೀನಿ. ಎದುರಿಗೆ ಬಂದವರು ಅಂದ್ರೆ ತಾವೊಬ್ರೇ."

ಎದುರಿನ ಸಾಲಿನಿಂದ ನಿಜಗುಣಪ್ಪ ಮಾಸ್ತರರು ಕಿವಿ ನಿಮಿರಿಸಿದರು. "ಅದನ್ನ ಕೇಳಬೇಕಂತ ಮಾಡಿದ್ದೆ ನೋಡ್ರಿ ಕಾನಸೇನರ. ಎಲ್ಲಿ ಹಿಡೀತ ಅದು ನಿಮ್ಮನ್ನ? ಯಾವ ಜಾಗಾದಾಗ ಏಳಬೇಕ ಅನಿಸಿತು?"

ರಾಯರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಜೇಬಿನಲ್ಲಿದ್ದ ಒಂದು ಉತ್ತರ ಇಲ್ಲಿಗೆ ಹೊಂದುವಂತಿರಲಿಲ್ಲ. ಮೃದಂಗಕ್ಕೆ ಆಲಾಪ ಎಲ್ಲಿಂದ ತರುವುದು?

"ಉಣ್ಣುವಾಗ ಅಂಥಾ ಮಾತ ಬ್ಯಾಡ ಮಾಸ್ತರ," ಅಂದರು. "ಆಮ್ಯಾಲ ಹೇಳ್ತೇನಿ."

ಮಾಸ್ತರರು ಗೌರವದಿಂದ ತಲೆಯಾಡಿಸಿದರು. "ನಾಲ್ಕರ ನೃತ್ಯಕ್ಕ ನಿಮ್ಮ ಹಂತೇಕ ಕೂಡತೇನ್ರಿ. ಆಗ ಬರಕೊಂತೇನಿ."

ಊಟವಾದ ಮೇಲೆ ರಾಯರು ಕೈತೊಳೆಯುವ ನೆಪದಲ್ಲಿ ಮಂಟಪದ ಹಿಂದಕ್ಕೆ ಹೋದರು. ಅಲ್ಲಿ ನೀರಿನ ನಲ್ಲಿಗಳು, ಬೋರಲು ಹಾಕಿದ ನೀಲಿ ಪ್ಲಾಸ್ಟಿಕ್ ಬ್ಯಾರಲ್ಲುಗಳು, ಒಂದು ಬೇವಿನ ಮರ. ಅವರು ಮುಖ ತೊಳೆದು ತಿರುಗಿದರೆ ಹಿಂದೆಯೇ ಮಧು, ಒದ್ದೆ ಕೈಯನ್ನು ಶಾಲಿಗೆ ತಾಗಿಸದಂತೆ ಎತ್ತಿ ಹಿಡಿದು ನಿಂತಿದ್ದರು. ಅದನ್ನು ನೋಡಿದ್ದೇ ರಾಯರಿಗೆ ತಡೆಯಲಾಗಲಿಲ್ಲ.

"ವಿದ್ವಾನರ, ನಾ ಒಂದ ಮಾತ ಹೇಳ್ತೇನಿ. ಬೈಬೇಕಾದ್ರ ಬೈರಿ. ನನಗ ಸಂಗೀತದ್ದು ಏನೂ ತಿಳಿಯಂಗಿಲ್ಲ. ಈಗಲ್ಲ, ಎಂದೂ ತಿಳಿದಿಲ್ಲ. ಕಛೇರಿ ಮುಗೀತು ಅಂತ ಮ್ಯಾಲ ಬಂದೆ. ಮುಗಿದಿದ್ದಿಲ್ಲ. ಮಂದಿ ನಗ್ತಾರಂತ ಅಂಜಿ ನಿಮ್ಮ ಹೆಗಲ ಮ್ಯಾಲ ಹಾಕಿದೆ. ಇಷ್ಟ ಅದರ ಹಕೀಕತ್."

ನಲವತ್ತು ವರ್ಷ ಹೆಂಡತಿಗೆ ಬಿಟ್ಟು ಯಾರಿಗೂ ಹೇಳದ ಮಾತು, ಒಬ್ಬ ಅಪರಿಚಿತನ ಮುಂದೆ ನಲ್ಲಿಯ ಹತ್ತಿರ ಬಂದು ಬಿದ್ದಿತ್ತು.

ಮಧು ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಗೊತ್ತು ಸಾರ್," ಅಂದರು.

"ಗೊತ್ತು?"

"ಮೊದಲು ಆಯಮ್ಮನ ಕಡೆ ಎರಡು ಹೆಜ್ಜೆ ಇಟ್ರಿ. ಆಮೇಲೆ ನನ್ನ ಕಡೆ ತಿರುಗಿದ್ರಿ. ವೇದಿಕೆ ಮೇಲೆ ಕೂತೋರಿಗೆ ಕಾಣದೆ ಇರುತ್ತಾ?"

"ಹಂಗಾದ್ರ ಅತ್ತದ್ಯಾಕ್ರಿ?"

"ಅಳು ಯಾಕೆ ಬಂತು ಅಂತ ನನಗೂ ಗೊತ್ತಿಲ್ಲ. ಶಾಲು ಬಿದ್ದಾಗ ಬೆಚ್ಚಗಾಯ್ತು ನೋಡಿ, ಅಷ್ಟೆ. ಯಾರಿಗೆ ತಂದ ಶಾಲು ಅಂತ ಮೈಗೆ ಗೊತ್ತಾಗಲ್ಲ." ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಒಂದು ಹೆಜ್ಜೆ ಹತ್ತಿರ ಬಂದರು. "ಒಂದು ಉಪಕಾರ ಮಾಡಿ. ಇದನ್ನ ಇನ್ಯಾರಿಗೂ ಹೇಳಬೇಡಿ. ಇವತ್ತಿನದ್ದು ಫೋನಲ್ಲಿ ನೇರಪ್ರಸಾರ ಇತ್ತಲ್ಲ, ನಮ್ಮನೆಯವಳು ನೋಡ್ತಿದ್ಲು. ಮದುವೆಯಾದಾಗಿನಿಂದ ಅವಳದ್ದು ಒಂದೇ ಪ್ರಶ್ನೆ, ನಿಮ್ಮನ್ನ ಕೇಳೋಕೆ ಅಂತ ಯಾರಾದ್ರೂ ಬರ್ತಾರಾ ಅಂತ. ಈಗ ಫೋನ್ ಮಾಡಿದ್ಲು. ಆ ಶಾಲು ಹಾಕಿದೋರು ಯಾರು ಅಂದ್ಲು. ಉತ್ತರ ಕರ್ನಾಟಕದಲ್ಲಿ ಬಹಳ ದೊಡ್ಡ ರಸಿಕರು ಅಂದೆ. ತಮ್ಮ ಹೆಸರು ಹೋದ್ರೆ ಸಾರ್, ನನ್ನ ಶಾಲೂ ಹೋಗುತ್ತೆ."

ರಾಯರು ಬ್ಯಾರಲ್ಲಿನ ಮೇಲೆ ಕೈ ಊರಿ ನಿಂತರು. ತಮ್ಮ ಜೀವಮಾನದ ಸುಳ್ಳನ್ನು ಇಳಿಸಿಡಲು ಹೋದರೆ, ಇನ್ನೊಬ್ಬ ಬಂದು ತನ್ನ ಗಂಟನ್ನೂ ಅದರ ಮೇಲೆ ಹೇರಿದ್ದ. ಇನ್ನು ಸಾಯುವವರೆಗೆ ಕಾನಸೇನನಾಗಿಯೇ ಇರಬೇಕು, ಬಿಡುಗಡೆ ಇಲ್ಲ. ಅವರಿಗೆ ನಗು ಬಂತು.

"ಹೇಳಂಗಿಲ್ಲ ಬಿಡ್ರಿ," ಅಂದರು. "ಆದ್ರ ನಾಲ್ಕಕ್ಕ ಆ ಮಾಸ್ತರ ವಹಿ ಹಿಡಕೊಂಡು ಬಂದು ಕೂಡತಾನ. ಯಾವ ಜಾಗಾದಾಗ ಎದ್ದೆ ಅಂತ ಕೇಳತಾನ. ನಾ ಏನ ಹೇಳ್ಲಿ? ನೀವ ಹೇಳಿಕೊಡ್ರಿ."

"ಹೇಳಿಕೊಟ್ರೆ ಆಗಲ್ಲ ಸಾರ್. ಕೇಳಬೇಕು." ಮಧು ಒಂದು ಬ್ಯಾರಲ್ಲನ್ನು ಬೇವಿನ ನೆರಳಿಗೆ ಉರುಳಿಸಿಕೊಂಡು ಬಂದು ನಿಲ್ಲಿಸಿದರು. ಶಾಲು ತೆಗೆದು ಮಡಚಿ ರಾಯರ ಕೈಗೆ ಕೊಟ್ಟರು; ಮತ್ತೆ ಯೋಚಿಸಿ ಅದನ್ನು ತಿರುಗಿ ತೆಗೆದುಕೊಂಡು ಕೊಂಬೆಗೆ ಹಾಕಿದರು. "ತಮಗೆ ಎರಡೂ ಕೈ ಬೇಕು. ಕಣ್ಣು ಮುಚ್ಚಿ. ಎಂಟರವರೆಗೆ ಎಣಿಸ್ತಾ ಇರಿ, ಬಿಡಬೇಡಿ. ಒಂದೇ ಮಾತನ್ನ ನಾನು ಮೂರು ಸಲ ನುಡಿಸ್ತೀನಿ. ಮೂರನೇದು ಒಂದಕ್ಕೆ ಬಂದು ಸೇರುತ್ತೆ. ಅಲ್ಲಿ ತಾವೂ ಕೈ ಇಡಿ. ಅದೇ ಜಾಗ."

ರಾಯರು ಕಣ್ಣು ಮುಚ್ಚಿದರು. ಅರವತ್ಮೂರನೆಯ ವಯಸ್ಸಿಗೆ, ಎಣ್ಣೆಗಾಯಿಯ ತೇಗು ಬರುತ್ತಿರುವಾಗ, ಬೆರಳು ಮಡಚಿ ಒಂದು, ಎರಡು ಎಂದು ಎಣಿಸತೊಡಗಿದರು. ಪ್ಲಾಸ್ಟಿಕ್ಕಿನ ಮೇಲೆ ಮಧುವಿನ ಬೆರಳು ಮೊದಲು ಮೆಲ್ಲಗೆ ಬಿದ್ದವು, ಆಮೇಲೆ ಜೋರಾದವು. ಮೊದಲನೆಯ ಸಲ ಮುಗಿಯಿತು. ಎರಡನೆಯದು ಎಣಿಕೆಯನ್ನು ಎಲ್ಲಿಗೋ ಎಳೆದುಕೊಂಡು ಹೋಗಲು ನೋಡಿತು. ರಾಯರು ಹಲ್ಲು ಕಚ್ಚಿ ಹಿಡಿದರು. ಮೂರನೆಯದು ಬಂತು, ಬಂತು, ಈಗ ಎಂದು ಅವರು ಅಂಗೈಯನ್ನು ಬ್ಯಾರಲ್ಲಿನ ಮೇಲೆ ಅಪ್ಪಳಿಸಿದರು. ಮಧುವಿನ ಕೊನೆಯ ಪೆಟ್ಟು ಅದರ ಹಿಂದೆ ಬಂದು ಬಿತ್ತು.

ಮಧು ಕೈ ಎತ್ತಿಕೊಂಡು ಅವರ ಮುಖ ನೋಡಿದರು.

"ನಾ ಒಂದ ಎಣಿಕಿ ಮುಂದ ಬಂದೆ," ಅಂದರು ರಾಯರು, ಕಣ್ಣು ಇನ್ನೂ ಮುಚ್ಚಿಯೇ ಇತ್ತು. ಯಾರ ಮುಖವನ್ನೂ ನೋಡದೆ, ತಾವು ತಪ್ಪಿದ್ದು ತಮಗೇ ತಿಳಿದದ್ದು ನಲವತ್ತು ವರ್ಷದಲ್ಲಿ ಇದೇ ಮೊದಲು.